ಬಸುರಿಯ ಅಡುಗೆಮನೆಯಲ್ಲಿ ಸೊಪ್ಪು, ಸಾಂಬಾರ ಪದಾರ್ಥ: ಯಾವುದು, ಎಷ್ಟು, ಹೇಗೆ

ನನಗೆ ಮೂರು ತಿಂಗಳು ತುಂಬುತ್ತಿದ್ದಾಗ ಅತ್ತೆ ಮೆಂತ್ಯದ ಡಬ್ಬಿಯನ್ನು ಅಟ್ಟದ ಮೇಲೆ ಎತ್ತಿಟ್ಟರು. "ಉಷ್ಣ ಕಣಮ್ಮಾ, ಈಗ ಬೇಡ" ಅಂದರು. ಅದೇ ವಾರ ತವರಿಗೆ ಹೋದರೆ ಅಮ್ಮ ಮೆಂತ್ಯ ಸೊಪ್ಪಿನ ಬಾತ್ ಮಾಡಿ ಕಾಯುತ್ತಿದ್ದಳು. "ತಿನ್ನು, ರಕ್ತ ಆಗುತ್ತೆ." ಇಬ್ಬರೂ ಮಕ್ಕಳನ್ನು ಹೆತ್ತು ಸಾಕಿದವರು. ಯಾರ ಮಾತು ಕೇಳೋದು?

ಮುಂದಿನ ತಪಾಸಣೆಗೆ ಹೋದಾಗ ಡಾಕ್ಟರಮ್ಮನಿಗೆ ಇದನ್ನೇ ಕೇಳಿದೆ. ಅವರು ನಕ್ಕು ತಿರುಗಿ ಕೇಳಿದರು: "ಅದಿರಲಿ, ಆ ಸೊಪ್ಪನ್ನ ಎಷ್ಟು ನೀರಲ್ಲಿ ತೊಳೆದ್ರಿ?" ನನಗೆ ಉತ್ತರ ಗೊತ್ತಿರಲಿಲ್ಲ. ಉಷ್ಣವೋ ತಂಪೋ ಅಂತ ಎರಡು ಮನೆಯವರೂ ತಲೆ ಕೆಡಿಸಿಕೊಂಡಿದ್ದೆವು, ಕೊಳೆಯ ಬಗ್ಗೆ ಯಾರೂ ಯೋಚಿಸಿರಲಿಲ್ಲ. ಆಮೇಲೆ ಕೇಳಿ, ಓದಿ ತಿಳಿದುಕೊಂಡದ್ದನ್ನು ಅಡುಗೆಮನೆಯಲ್ಲಿ ಮಾಡುವ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ಮೊದಲು: ಅದು ಊಟವೋ, ಔಷಧಿಯೋ ನೋಡಿ

ಒಂದೇ ಎಲೆ ಎರಡು ವೇಷದಲ್ಲಿ ಬರುತ್ತದೆ. ಸಾರಿನ ಮೇಲೆ ಉದುರಿಸಿದ ಕೊತ್ತಂಬರಿ, ಒಗ್ಗರಣೆಯ ಕರಿಬೇವು, ಪಲಾವಿನ ಪುದೀನಾ, ಹುಳಿಗೆ ಹಾಕಿದ ಚಿಟಿಕೆ ಇಂಗು ಇವೆಲ್ಲ ಊಟ. ರುಚಿಗೆ, ಘಮಕ್ಕೆ ಹಾಕುವ ಈ ಪ್ರಮಾಣದಲ್ಲಿ ನಮ್ಮ ಅಡುಗೆಮನೆಯ ಸೊಪ್ಪು, ಸಾಂಬಾರ ಪದಾರ್ಥಗಳಿಗೆ ಹೆದರಬೇಕಾಗಿಲ್ಲ.

ಅದೇ ಎಲೆಯ ಹಿಡಿ ಹಿಡಿ ಅರೆದು ರಸ ಹಿಂಡಿದರೆ, ಒಂದು ಚೊಂಬು ನೀರನ್ನು ಅರ್ಧ ಲೋಟಕ್ಕೆ ಬತ್ತಿಸಿ ದಿನಾ ಕುಡಿದರೆ, ಎಣ್ಣೆ ತೆಗೆದು ಹನಿ ಲೆಕ್ಕದಲ್ಲಿ ತೆಗೆದುಕೊಂಡರೆ, ಸಾರ ತೆಗೆದ ಮಾತ್ರೆ ನುಂಗಿದರೆ ಅದು ಔಷಧಿ. "ಸೊಪ್ಪೇ ತಾನೇ" ಅನ್ನುವ ಮಾತು ಅಲ್ಲಿ ನಡೆಯೋದಿಲ್ಲ. ಒಂದು ಹನಿ ಪುದೀನಾ ಎಣ್ಣೆಗೆ ಎಷ್ಟು ಎಲೆ ಹಿಂಡಿರಬೇಕು ಯೋಚಿಸಿ. ಹಾಗಾಗಿ ಯಾರಾದರೂ "ಇದು ತಿನ್ನಬಹುದಾ" ಅಂತ ಕೇಳಿದರೆ ನಾನು ಮೊದಲು "ಯಾವ ರೂಪದಲ್ಲಿ, ಎಷ್ಟು ದಿನ" ಅಂತ ಕೇಳುತ್ತೇನೆ.

ಎರಡನೆಯದು: ತೊಳೆಯೋದು

ಸೊಪ್ಪಿನಿಂದ ಬರುವ ನಿಜವಾದ ಅಪಾಯ ಇಲ್ಲಿದೆ. ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಸೊಪ್ಪು ನೆಲಕ್ಕೆ ಅಂಟಿಕೊಂಡು ಬೆಳೆಯುತ್ತದೆ. ಮಣ್ಣಿನಲ್ಲಿ ಬೆಕ್ಕಿನ ಹೇಲಿನಿಂದ ಬರುವ ಟಾಕ್ಸೊಪ್ಲಾಸ್ಮಾ ಅನ್ನುವ ಸೂಕ್ಷ್ಮಜೀವಿ ಇರಬಹುದು. ಬೇರೆ ಹೊತ್ತಿನಲ್ಲಿ ತಗಲಿದರೆ ಸಣ್ಣ ಜ್ವರದಂತೆ ಬಂದು ಹೋಗುತ್ತದೆ, ಎಷ್ಟೋ ಸಲ ಗೊತ್ತೇ ಆಗೋದಿಲ್ಲ. ಬಸುರಿಯಲ್ಲಿ ಮೊದಲ ಸಲ ತಗಲಿದರೆ ಮಗುವಿಗೂ ದಾಟಬಹುದು, ಕಣ್ಣಿಗೆ, ಮೆದುಳಿಗೆ ತೊಂದರೆ ಆಗಬಹುದು. ಲಿಸ್ಟೀರಿಯಾ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ ಇದೆ. ಅದು ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ.

ನಮ್ಮ ದೇಶದಲ್ಲಿ ಇವೆರಡಕ್ಕಿಂತಲೂ ನಾನು ಜಾಸ್ತಿ ಹೆದರೋದು ಹೆಪಟೈಟಿಸ್ ಇ ಕಾಮಾಲೆಗೆ. ಕೊಳಚೆ ಬೆರೆತ ನೀರಿನಿಂದ ಹರಡುತ್ತದೆ. ಬೇರೆಯವರಿಗೆ ಕೆಲವು ವಾರದಲ್ಲಿ ವಾಸಿಯಾಗುವ ಕಾಯಿಲೆ ಇದು. ಕೊನೆಯ ಮೂರು ತಿಂಗಳಲ್ಲಿ ಇರುವ ಬಸುರಿಯರಿಗೆ ಬಂದರೆ ಮಾತ್ರ ನೂರರಲ್ಲಿ 20ರಿಂದ 25 ಜನರವರೆಗೂ ಜೀವಕ್ಕೇ ಅಪಾಯ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈಗ ಪಾನಿಪೂರಿ ಗಾಡಿಯ ಹಸಿರು ನೀರು ನೆನಪಿಸಿಕೊಳ್ಳಿ. ಹಸಿ ಪುದೀನಾ, ಹಸಿ ಕೊತ್ತಂಬರಿ, ಎಲ್ಲಿಂದ ತಂದರೋ ಗೊತ್ತಿಲ್ಲದ ನೀರು, ಮೇಲೆ ಅದ್ದುವ ಕೈ. ಪುದೀನಾದ ತಪ್ಪೇನೂ ಇಲ್ಲ ಪಾಪ. ಬಯಕೆ ಆದರೆ ಪೂರಿ ತಂದು, ಕುದಿಸಿ ಆರಿಸಿದ ನೀರಲ್ಲಿ ಪಾನಿ ಮನೆಯಲ್ಲೇ ಮಾಡಿಕೊಳ್ಳಿ. ನನ್ನ ಗಂಡ ಮಾಡಿಕೊಟ್ಟರು. ಉಪ್ಪು ಜಾಸ್ತಿ ಆಗಿತ್ತು, ಆದರೂ ಆಯಿತು.

ತೊಳೆಯುವ ರೀತಿ ಹೀಗೆ. ಕಟ್ಟು ಬಿಚ್ಚಿ, ಬೇರು ಕತ್ತರಿಸಿ, ಕೊಳೆತ ಎಲೆ ಆರಿಸಿ ಬಿಸಾಡಿ. ಕಟ್ಟನ್ನು ಹಾಗೇ ನಲ್ಲಿಗೆ ಹಿಡಿದರೆ ಒಳಗಿನ ಮಣ್ಣು ಅಲ್ಲೇ ಇರುತ್ತದೆ. ಅಗಲದ ಪಾತ್ರೆಯಲ್ಲಿ ನೀರು ತುಂಬಿ ಸೊಪ್ಪು ಮುಳುಗಿಸಿ ಚೆನ್ನಾಗಿ ಅಲ್ಲಾಡಿಸಿ, ಎರಡು ನಿಮಿಷ ಬಿಡಿ. ಮಣ್ಣು ತಳಕ್ಕೆ ಇಳಿಯುತ್ತದೆ. ಆಗ ನೀರು ಬಗ್ಗಿಸಬೇಡಿ. ಬಗ್ಗಿಸಿದರೆ ತಳದ ಮಣ್ಣು ಮತ್ತೆ ಸೊಪ್ಪಿನ ಮೇಲೇ ಬೀಳುತ್ತದೆ. ಸೊಪ್ಪನ್ನು ಕೈಯಲ್ಲಿ ಮೇಲೆತ್ತಿ, ನೀರು ಚೆಲ್ಲಿ, ಪಾತ್ರೆ ತೊಳೆದು ಹೊಸ ನೀರು ಹಾಕಿ. ತಳದಲ್ಲಿ ಒಂದು ಹರಳೂ ಕಾಣದಷ್ಟು ಸಲ ಮಾಡಿ, ಸಾಮಾನ್ಯವಾಗಿ ಮೂರು ಸಲ ಬೇಕು. ಕೊನೆಗೆ ಹರಿಯುವ ನೀರಲ್ಲಿ ಒಂದು ಸಲ. ಹಸಿಯಾಗಿ ತಿನ್ನುವ ಸೊಪ್ಪಾದರೆ ಈ ಕೊನೆಯ ನೀರು ಕುಡಿಯುವ ನೀರೇ ಆಗಿರಲಿ. ಉಪ್ಪು ನೀರು, ಅರಿಶಿನ ನೀರಲ್ಲಿ ನೆನೆಸುವ ರೂಢಿ ಇದೆ. ಹುಳ ಬಿಡಿಸೋಕೆ ಅದು ಸರಿ, ಆದರೆ ಅದರಿಂದ ರೋಗಾಣು ಎಲ್ಲ ಸತ್ತಿತು ಅಂತ ನಂಬಬೇಡಿ.

ರೋಗಾಣು ಸಾಯೋದು ಬಿಸಿಗೆ. ಹಾಗಾಗಿ ಒಂಬತ್ತು ತಿಂಗಳ ಮಟ್ಟಿಗೆ ಸಣ್ಣ ಬದಲಾವಣೆ ಮಾಡಿಕೊಳ್ಳಿ. ಸಾರು ಇಳಿಸಿದ ಮೇಲೆ ಕೊತ್ತಂಬರಿ ಹಾಕುವ ಬದಲು ಕುದಿಯುತ್ತಿರುವಾಗಲೇ ಹಾಕಿ, ಒಂದೆರಡು ಕುದಿ ಬಂದ ಮೇಲೆ ಇಳಿಸಿ. ಚಟ್ನಿಗೆ ಹಾಕುವ ಪುದೀನಾ, ಕೊತ್ತಂಬರಿಯನ್ನು ಒಂದು ಚಮಚ ಎಣ್ಣೆಯಲ್ಲಿ ಬಾಡಿಸಿ ಅರೆಯಿರಿ. ಬಣ್ಣ ಸ್ವಲ್ಪ ಮಂಕಾಗುತ್ತದೆ, ರುಚಿ ಕಡಿಮೆಯಾಗೋದಿಲ್ಲ. ಅರೆದ ಚಟ್ನಿ ಅವತ್ತೇ ಮುಗಿಸಿ. ಮೂರು ದಿನ ಫ್ರಿಜ್ಜಿನಲ್ಲಿಟ್ಟು ಸ್ವಲ್ಪ ಸ್ವಲ್ಪ ತೆಗೆಯುವ ಅಭ್ಯಾಸ ಹೆರಿಗೆ ಆಗೋವರೆಗೆ ಬೇಡ.

ಮಲೆನಾಡು, ಕರಾವಳಿಯವರಿಗೆ ಒಂದು ಮಾತು. ದೊಡ್ಡಪತ್ರೆ ತಂಬುಳಿಗೆ ಎಲೆಯನ್ನು ಜೀರಿಗೆ ಜೊತೆ ತುಪ್ಪದಲ್ಲಿ ಬಾಡಿಸುತ್ತೇವೆ, ಒಳ್ಳೆಯದೇ. ಒಂದೆಲಗವನ್ನು ಮಾತ್ರ ಎಷ್ಟೋ ಮನೆಗಳಲ್ಲಿ ಹಸಿಯಾಗೇ ಅರೆಯುತ್ತಾರೆ. ಅದು ಬೆಳೆಯೋದು ತೋಟದ ಕಾಲುವೆ ಬದಿಯಲ್ಲಿ, ಗದ್ದೆ ಅಂಚಲ್ಲಿ, ನೀರು ನಿಲ್ಲುವ ಕಡೆ. ದನ, ಬೆಕ್ಕು, ನಾಯಿ ಎಲ್ಲ ಓಡಾಡುವ ಜಾಗ. ಈಗ ಅದನ್ನೂ ಬಾಡಿಸಿಯೇ ಅರೆಯಿರಿ. ಮದುವೆಮನೆಯ ಕೋಸಂಬರಿಗೂ ಇದೇ ಲೆಕ್ಕ. ಮನೆಯಲ್ಲಿ ತೊಳೆದು ಮಾಡಿದ್ದು ಸರಿ, ಸಾವಿರ ಎಲೆಗೆ ಮಾಡಿದ್ದನ್ನು ಎಲೆಯ ತುದಿಯಲ್ಲೇ ಬಿಟ್ಟುಬಿಡಿ.

ತೊಳೆದರೂ ಹೋಗದ ಕೊಳೆಯೂ ಒಂದಿದೆ. ಬೆಂಗಳೂರಿನವರಿಗೆ ವೃಷಭಾವತಿಯ ನೀರು ಹಾಯಿಸಿ ಬೆಳೆದ ತರಕಾರಿಯ ಕತೆ ಹೊಸದಲ್ಲ. ಕಾರ್ಖಾನೆ ನೀರಿನ ಲೋಹದ ಅಂಶ ಎಲೆಯ ಒಳಗೇ ಸೇರಿದರೆ ನಲ್ಲಿ ನೀರು ಏನೂ ಮಾಡೋಕಾಗಲ್ಲ. ಕೈಲಾದರೆ ಕೊತ್ತಂಬರಿ, ಪುದೀನಾ, ದೊಡ್ಡಪತ್ರೆ ಈ ಮೂರನ್ನು ಕುಂಡದಲ್ಲಿ ಹಾಕಿಕೊಳ್ಳಿ. ಧನಿಯಾ ಕಾಳನ್ನು ಎರಡು ಹೋಳು ಮಾಡಿ ಬಿತ್ತಿದರೆ ತಿಂಗಳು, ತಿಂಗಳೂವರೆಯಲ್ಲಿ ಕೀಳೋಕೆ ಬರುತ್ತದೆ. ಪುದೀನಾ, ದೊಡ್ಡಪತ್ರೆಗೆ ಒಂದು ಕಡ್ಡಿ ಚುಚ್ಚಿದರೆ ಸಾಕು. ಮಣ್ಣು ಮುಟ್ಟುವ ಕೆಲಸ ಮನೆಯಲ್ಲಿ ಬೇರೆಯವರು ಮಾಡಲಿ, ಇಲ್ಲದಿದ್ದರೆ ಕೈಗವಸು ಹಾಕಿಕೊಳ್ಳಿ. ಬೆಕ್ಕು ಕುಂಡದಲ್ಲಿ ಕೂರದಂತೆ ನೋಡಿಕೊಳ್ಳಿ.

ಮೂರನೆಯದು: ಒಂದೊಂದರ ಪ್ರಮಾಣ

ಕೊತ್ತಂಬರಿ, ಕರಿಬೇವು, ಸಬ್ಬಸಿಗೆ ಬಗ್ಗೆ ಹೇಳೋದು ಹೆಚ್ಚಿಲ್ಲ. ಸಬ್ಬಸಿಗೆ ಹಾಕಿದ ಅಕ್ಕಿರೊಟ್ಟಿ, ಇಡ್ಲಿ ಧಾರಾಳವಾಗಿ ತಿನ್ನಿ. ಜೀರಿಗೆ, ಧನಿಯಾ, ಮೆಣಸು ಸಾರಿನ ಪುಡಿಗೆ ಹಾಕುವಷ್ಟು ಸರಿ.

ಶುಂಠಿಗೆ ಸ್ವಲ್ಪ ಹೆಚ್ಚು ಜಾಗ ಕೊಡಬೇಕು, ಯಾಕೆಂದರೆ ಅದು ಕೆಲಸಕ್ಕೆ ಬರುತ್ತದೆ. ಮೊದಲ ತಿಂಗಳುಗಳ ವಾಕರಿಕೆಗೆ ಶುಂಠಿ ಒಂದು ಉಪಾಯ ಅಂತ ಅಮೆರಿಕಾದ ಪ್ರಸೂತಿ ತಜ್ಞರ ಸಂಘವೂ ಒಪ್ಪಿದೆ. ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಕೊಟ್ಟದ್ದು ದಿನಕ್ಕೆ 1 ಗ್ರಾಂ ಒಣಶುಂಠಿ ಪುಡಿ, ಅದನ್ನು ನಾಲ್ಕು ಪಾಲು ಮಾಡಿ. ಮನೆಯ ಲೆಕ್ಕದಲ್ಲಿ ದಿನಕ್ಕೆ ಒಂದು ಟೀ ಚಮಚ ತುರಿದ ಹಸಿಶುಂಠಿ ಅಂದುಕೊಳ್ಳಿ. ಬೆಳಿಗ್ಗೆ ಏಳುವಾಗಲೇ ಹೊಟ್ಟೆ ತೊಳಸಿದರೆ ಬಿಸಿನೀರಿಗೆ ಶುಂಠಿ ಜಜ್ಜಿ ಹಾಕಿ, ನಿಂಬೆ ಹಿಂಡಿ, ಗುಟುಕು ಗುಟುಕಾಗಿ ಕುಡಿಯಿರಿ. ನನಗೆ ಇದಕ್ಕಿಂತ ಉಪ್ಪು ಸವರಿದ ಶುಂಠಿ ಚೂರು ಚೀಪೋದೇ ಹಿಡಿಸಿತು. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ, ಇಂಜೆಕ್ಷನ್ ತೆಗೆದುಕೊಳ್ಳುವವರು ಶುಂಠಿಯ ಕ್ಯಾಪ್ಸೂಲ್ ಅಥವಾ ಗಟ್ಟಿ ಕಷಾಯಕ್ಕೆ ಮೊದಲು ಡಾಕ್ಟರನ್ನು ಕೇಳಬೇಕು. ಕುಡಿದ ನೀರೂ ನಿಲ್ಲದಷ್ಟು ವಾಂತಿ ಇದ್ದರೆ ಶುಂಠಿ ನೆಚ್ಚಿಕೊಂಡು ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಪುದೀನಾ ಒಳ್ಳೆಯದೇ, ಆದರೆ ಎದೆ ಉರಿ ಇರುವವರಿಗೆ ಅದು ಉರಿ ಹೆಚ್ಚಿಸಬಹುದು. ಅನ್ನನಾಳದ ಕೆಳಗಿನ ಬಾಗಿಲನ್ನು ಅದು ಸಡಿಲ ಮಾಡುತ್ತದೆ, ಹುಳಿ ಮೇಲೆ ಬರುತ್ತದೆ. ಏಳೆಂಟು ತಿಂಗಳಲ್ಲಿ ರಾತ್ರಿ ಪುದೀನಾ ಚಹಾ ಕುಡಿದು "ಹೊಟ್ಟೆ ಹಗುರಾಗಲಿ" ಅಂದುಕೊಂಡವರಿಗೆ ಉಲ್ಟಾ ಆಗೋದು ಇದಕ್ಕೇ.

ಇನ್ನು ಜಗಳದ ಮೆಂತ್ಯ. ಮೆಂತ್ಯ ಸೊಪ್ಪಿನ ಬಾತ್, ಪಲ್ಯ, ದೋಸೆ ಹಿಟ್ಟಿಗೆ ಹಾಕುವ ಅರ್ಧ ಚಮಚ ಕಾಳು, ಇವು ಊಟ. ಅಮ್ಮ ಗೆದ್ದಳು. ಆದರೆ ಅತ್ತೆಯ ಮಾತಲ್ಲೂ ಹುರುಳಿಲ್ಲದೆ ಇಲ್ಲ. ಮೆಂತ್ಯದ ಹಿಟ್ಟು, ಮೆಂತ್ಯದ ಉಂಡೆ ನಮ್ಮಲ್ಲಿ ಬಾಣಂತಿಗೆ ಕೊಡುವ ವಸ್ತು, ಬಸುರಿಗಲ್ಲ. ಚಮಚಗಟ್ಟಲೆ ಕಾಳು ಅಥವಾ ಮೆಂತ್ಯದ ಮಾತ್ರೆ ಈಗ ಬೇಡ. ಬಸುರಿನ ಸಕ್ಕರೆ ಕಾಯಿಲೆ ಇದೆ ಅಂತ ದಿನಾ ನೆನೆಸಿದ ಮೆಂತ್ಯ ತಿನ್ನುವವರು ಡಾಕ್ಟರಿಗೆ ಹೇಳಲೇಬೇಕು. ಮೆಂತ್ಯ ಸಕ್ಕರೆ ಇಳಿಸುತ್ತದೆ, ಇನ್ಸುಲಿನ್ನೂ ಇಳಿಸುತ್ತದೆ. ಎರಡೂ ಸೇರಿದರೆ ತಲೆ ತಿರುಗಿ ಬೀಳುವಷ್ಟು ಇಳಿಯಬಹುದು. ಒಂದು ವಿಚಿತ್ರವೂ ಇದೆ. ಹೆರಿಗೆಗೆ ಮೊದಲು ಮೆಂತ್ಯದ ಚಹಾ ಕುಡಿದ ತಾಯಿಗೆ ಹುಟ್ಟಿದ ಕೂಸಿನ ಮೈಯಲ್ಲಿ ಮೇಪಲ್ ಅನ್ನುವ ಮರದ ರಸದಿಂದ ಮಾಡುವ ಸಿಹಿ ಪಾಕದ ವಾಸನೆ ಬಂದಿದ್ದುಂಟು. ಅದೇ ವಾಸನೆ ಬರುವ ಒಂದು ಅಪರೂಪದ ಹುಟ್ಟು ಕಾಯಿಲೆ ಇರೋದರಿಂದ ಡಾಕ್ಟರುಗಳು ಗಾಬರಿಯಾಗಿ ಪರೀಕ್ಷೆ ಮಾಡಿಸಿದರು. ಕೊನೆಗೆ ನೋಡಿದರೆ ಮೆಂತ್ಯದ ಘಮ!

ನುಗ್ಗೆ ಸೊಪ್ಪು ಬೇಯಿಸಿ ತಿನ್ನಿ. ಅದರ ಬೇರು, ತೊಗಟೆಯ ಮದ್ದು ಮಾತ್ರ ಯಾರು ಹೇಳಿದರೂ ಬೇಡ. ಸೊಪ್ಪಿನ ಪಲ್ಯಕ್ಕೆ ಇಳಿಸುವಾಗ ನಿಂಬೆ ಹಿಂಡಿದರೆ ಅದರ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹಿಡಿಯುತ್ತದೆ. ಅದರ ಮೇಲೆ ಕಾಫಿ, ಚಹಾ ಕುಡಿದರೆ ಹಿಡಿಯೋದಿಲ್ಲ, ಪುದೀನಾ ಚಹಾ ಕೂಡ ಇದೇ ಕೆಲಸ ಮಾಡುತ್ತದೆ. ಒಂದು ಗಂಟೆಯಾದರೂ ಬಿಡಿ. ಸೊಪ್ಪು ತಿನ್ನುತ್ತೇನೆ ಅಂತ ಕಬ್ಬಿಣದ ಮಾತ್ರೆ ಬಿಡಬೇಡಿ. ಸರ್ಕಾರದಿಂದ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ನಾಲ್ಕನೇ ತಿಂಗಳಿಂದ ಕನಿಷ್ಠ 180 ದಿನ ಅದನ್ನು ನುಂಗಬೇಕು. ಒಂದು ತಟ್ಟೆ ಪಲ್ಯ ಆ ಲೆಕ್ಕ ತುಂಬೋದಿಲ್ಲ.

ತುಳಸಿ ದಿನಕ್ಕೆ ಒಂದೆರಡು ಎಲೆ, ದೇವಸ್ಥಾನದ ತೀರ್ಥ ಒಂದು ಉದ್ದರಣೆ, ಯುಗಾದಿಯ ಬೇವು-ಬೆಲ್ಲ ಇವಕ್ಕೆ ಸುಮ್ನೆ ಹೆದರಬೇಡಿ. ಬೇವಿನ ರಸ, ಬೇವಿನೆಣ್ಣೆ ಹೊಟ್ಟೆಗೆ ತೆಗೆದುಕೊಳ್ಳೋದು ಮಾತ್ರ ಪೂರ್ತಿ ಬೇಡ. ಚಕ್ಕೆ, ಜಾಯಿಕಾಯಿ ಪಲಾವಿಗೆ, ಪಾಯಸಕ್ಕೆ ಬೀಳುವಷ್ಟು ಸಾಕು. ಅಂಗಡಿಯಲ್ಲಿ ಸಿಗುವ ದಪ್ಪ ಚಕ್ಕೆಯಲ್ಲಿ ಕೌಮರಿನ್ ಅನ್ನುವ ಅಂಶ ಜಾಸ್ತಿ, ಚಮಚಗಟ್ಟಲೆ ಪುಡಿ ದಿನಾ ತಿಂದರೆ ಲಿವರಿಗೆ ಒಳ್ಳೆಯದಲ್ಲ. ಜಾಯಿಕಾಯಿ ಹೆಚ್ಚಾದರೆ ತಲೆಯೇ ಕೆಡುತ್ತದೆ. ನಿದ್ದೆ ಬರಲಿ ಅಂತ ಹಾಲಿಗೆ ತೇಯ್ದು ಹಾಕುವ ಅಜ್ಜಿಯರಿದ್ದಾರೆ, ನಯವಾಗಿ ಬೇಡ ಅನ್ನಿ.

ಕೇಸರಿ ನಾಲ್ಕೈದು ಎಸಳು ಹಾಲಿಗೆ ಹಾಕಿದರೆ ಬಾಯಿಗೆ ರುಚಿ, ಅಷ್ಟೇ. ಗ್ರಾಂ ಲೆಕ್ಕದಲ್ಲಿ ತಿಂದರೆ ವಿಷ, ಆ ಪ್ರಮಾಣದಲ್ಲಿ ಬಸುರಿಗೇ ಅಪಾಯ. ಕೇಸರಿ ತಿಂದರೆ ಮಗು ಬೆಳ್ಳಗಾಗುತ್ತೆ ಅನ್ನುತ್ತಾರೆ, ಆದರೆ ಮಗುವಿನ ಬಣ್ಣ ಅಪ್ಪ ಅಮ್ಮನಿಂದ ಬರುತ್ತದೆ, ಡಬ್ಬಿಯಿಂದ ಬರಲ್ಲ. ಸೀಮಂತಕ್ಕೆ ಬಂದ ಐದು ಕೇಸರಿ ಡಬ್ಬಿಗಳನ್ನು ನಾನು ಹಬ್ಬದ ಪಾಯಸಗಳಿಗೆ ಎತ್ತಿಟ್ಟೆ.

ಹೊರದೇಶದಲ್ಲಿ ಇರುವವರಿಗೆ ಕೊತ್ತಂಬರಿ ಪಕ್ಕದಲ್ಲೇ ಪಾರ್ಸ್ಲಿ ಕಟ್ಟು ಕಾಣುತ್ತದೆ. ಸೂಪಿಗೆ ಉದುರಿಸಿಕೊಳ್ಳಿ, ಕಟ್ಟುಗಟ್ಟಲೆ ಕುದಿಸಿ ಚಹಾ ಮಾಡಿ ಕುಡಿಯಬೇಡಿ. ಸೇಜ್ ಎಲೆಗೂ ಅದೇ ಮಾತು. ಪಿಜ್ಜಾದ ಒರೆಗಾನೊ ತೊಂದರೆಯಿಲ್ಲ, ಒರೆಗಾನೊ ಎಣ್ಣೆ ಬೇಡ. ಪೆನ್ನಿರಾಯಲ್ ಅನ್ನುವ ಹೆಸರಿನ ಪುದೀನಾ ಜಾತಿಯ ಗಿಡ ಕಂಡರೆ ಮುಟ್ಟಲೇಬೇಡಿ. ಅದು ಲಿವರನ್ನೇ ಹಾಳು ಮಾಡುವ ವಿಷ, ನಮ್ಮ ಅಡುಗೆಯ ಪುದೀನಾದ ಹತ್ತಿರದ ನೆಂಟನಾದರೂ ಎರಡೂ ಒಂದಲ್ಲ.

ನಾಲ್ಕನೆಯದು: ಕಷಾಯದ ಪೊಟ್ಟಣ ಬಿಚ್ಚಿ ಓದಿ

2020ರ ಕೊರೊನಾ ಕಾಲದಲ್ಲಿ ಮನೆಮನೆಯಲ್ಲೂ ಕಷಾಯ ಕುದಿಯಿತು, ಆ ಅಭ್ಯಾಸ ಇನ್ನೂ ಹೋಗಿಲ್ಲ. ಧನಿಯಾ, ಜೀರಿಗೆ, ಸ್ವಲ್ಪ ಮೆಣಸು ಹುರಿದು ಪುಡಿ ಮಾಡಿದ ಮನೆಯ ಕಷಾಯಕ್ಕೆ ಹಾಲು ಬೆಲ್ಲ ಹಾಕಿ ದಿನಕ್ಕೊಂದು ಲೋಟ ಕುಡಿದರೆ ಏನೂ ಆಗಲ್ಲ. ಅಂಗಡಿಯ ಪೊಟ್ಟಣದಲ್ಲಿ ಮಾತ್ರ ಇನ್ನೇನೇನೋ ಇರುತ್ತದೆ.

ಮುಖ್ಯವಾಗಿ ಜ್ಯೇಷ್ಠಮಧು ಹುಡುಕಿ. ಅತಿಮಧುರ, ಯಷ್ಟಿಮಧು, ಮುಲೇಠಿ, ಲಿಕೊರೈಸ್ ಎಲ್ಲ ಒಂದೇ. ಕೆಮ್ಮಿನ ಚೀಪುವ ಗುಳಿಗೆ, ಗಂಟಲಿನ ಕಷಾಯ, ಬೀಡದಂಗಡಿಯ ಸಿಹಿ ಪುಡಿ, ಹರ್ಬಲ್ ಟೀ ಎಲ್ಲದರಲ್ಲೂ ಇದು ನುಸುಳುತ್ತದೆ. ಇದರ ಗ್ಲಿಸಿರೈಜಿನ್ ಅನ್ನುವ ಅಂಶ ರಕ್ತದೊತ್ತಡ ಏರಿಸುತ್ತದೆ, ತಾಯಿಯ ಒತ್ತಡದ ಹಾರ್ಮೋನು ಮಗುವಿಗೆ ದಾಟದಂತೆ ಮಾಸಿನಲ್ಲಿರುವ (ಪ್ಲಾಸೆಂಟಾ) ತಡೆಯನ್ನು ದುರ್ಬಲ ಮಾಡುತ್ತದೆ. ಫಿನ್ಲೆಂಡಿನಲ್ಲಿ ಲಿಕೊರೈಸ್ ಮಿಠಾಯಿ ಅಂದರೆ ಜನಕ್ಕೆ ಪ್ರಾಣ. ಅಲ್ಲಿ ಬಸುರಿನಲ್ಲಿ ಇದನ್ನು ತುಂಬಾ ತಿಂದ ತಾಯಂದಿರ ಮಕ್ಕಳು ಬೆಳೆದ ಮೇಲೆ ಬುದ್ಧಿ ಪರೀಕ್ಷೆಗಳಲ್ಲಿ ಹಿಂದೆ ಬಿದ್ದದ್ದನ್ನು ಹೆಲ್ಸಿಂಕಿಯ ಸಂಶೋಧಕರು 2017ರಲ್ಲಿ ವರದಿ ಮಾಡಿದರು. ಬಸುರಿಯರು ಜಾಸ್ತಿ ತಿನ್ನಬಾರದು ಅಂತ ಅಲ್ಲಿನ ಸರ್ಕಾರದ ಸಲಹೆಯೇ ಇದೆ. ಅವರು ಮಿಠಾಯಿಯಲ್ಲಿ ತಿಂದದ್ದನ್ನು ನಾವು ಔಷಧಿ ಅಂತ ತಿನ್ನುತ್ತೇವೆ. ಒಂದು ದಿನ ಒಂದು ಗುಳಿಗೆ ಚೀಪಿದರೆ ಗಾಬರಿ ಬೇಡ, ದಿನಾ ಬೇಡ.

ಅಶ್ವಗಂಧ, ಲೋಳೆಸರದ ಜ್ಯೂಸ್, ಓಂಕಾಳಿನ ಗಟ್ಟಿ ಕಷಾಯ, ಯಾವುದೇ ಎಲೆಯ ಎಣ್ಣೆಯ ಹನಿ, ತೂಕ ಇಳಿಸುವ ಚಹಾ ಇವೂ ಬೇಡದ ಸಾಲಿಗೆ ಸೇರಲಿ. ಊಟದ ಒಗ್ಗರಣೆಯ, ಚಕ್ಕುಲಿಯ ಓಂಕಾಳು ಬೇರೆ, ಅದಕ್ಕೆ ಅಡ್ಡಿಯಿಲ್ಲ.

ಐದನೆಯದು: ಪುಡಿ ಎಲ್ಲಿಂದ ಬಂತು

ಎಲೆಯನ್ನು ಕಣ್ಣಲ್ಲಿ ನೋಡಬಹುದು, ಪುಡಿಯನ್ನು ನೋಡಿ ಏನೂ ಹೇಳೋಕಾಗಲ್ಲ. ಬಾಂಗ್ಲಾದೇಶದಲ್ಲಿ ಹಳ್ಳಿಯ ಬಸುರಿಯರ ರಕ್ತದಲ್ಲಿ ಸೀಸ ಯಾಕೆ ಇಷ್ಟಿದೆ ಅಂತ ಹುಡುಕುತ್ತಾ ಹೋದವರಿಗೆ ಕೊನೆಗೆ ಸಿಕ್ಕಿದ್ದು ಅರಿಶಿನ. ಕೊಂಬು ಹೊಳೆಯಲಿ ಅಂತ ವ್ಯಾಪಾರಿಗಳು ಸೀಸ ಇರುವ ಲೆಡ್ ಕ್ರೋಮೇಟ್ ಅನ್ನುವ ಹಳದಿ ಬಣ್ಣ ಸವರುತ್ತಿದ್ದರು. 2019ರಲ್ಲಿ ಇದು ಬಯಲಾದ ಮೇಲೆ ಅಲ್ಲಿನ ಸರ್ಕಾರ ಕೈ ಬಿಗಿ ಮಾಡಿತು. ಸೀಸ ಮಾಸು ದಾಟಿ ಮಗುವಿನ ಮೆದುಳಿಗೆ ಹೋಗುತ್ತದೆ. ಅರಿಶಿನ ಪಾಪದ್ದೇ, ಮೇಲೆ ಬಳಿದದ್ದು ವಿಷ. ಹಾಗಾಗಿ ತೀರಾ ಮಿಂಚುವ ಹಳದಿಯ ಬಿಡಿ ಪುಡಿ, ಬಣ್ಣ ಬಳಿದಂಥ ಕೊಂಬು ಕೊಳ್ಳಬೇಡಿ. ಗೊತ್ತಿರುವ ರೈತರಿಂದ ಕೊಂಬು ತಂದು ತೊಳೆದು ಒಣಗಿಸಿ ಗಿರಣಿಯಲ್ಲಿ ಬೀಸಿಸಿ. ಆಗದಿದ್ದರೆ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ, ತಯಾರಿಸಿದ ದಿನಾಂಕ ಇರುವ ಮುಚ್ಚಿದ ಪೊಟ್ಟಣ ತನ್ನಿ.

ಹೆಸರಿಲ್ಲದ ಗುಳಿಗೆ, ಭಸ್ಮಗಳ ಬಗ್ಗೆ ಇನ್ನೂ ಬಿಗಿಯಾಗಿರಿ. 2011–12ರಲ್ಲಿ ನ್ಯೂಯಾರ್ಕ್ ನಗರದಲ್ಲಿ 6 ಬಸುರಿಯರ ರಕ್ತದಲ್ಲಿ ಸೀಸ ಏರಿದ್ದು ಕಂಡುಬಂತು. ಎಲ್ಲರೂ ಭಾರತದಲ್ಲಿ ತಯಾರಾದ ಆಯುರ್ವೇದದ ಮಾತ್ರೆ ನುಂಗುತ್ತಿದ್ದರು. ಗಂಡುಮಗು ಆಗಲಿ, ಬಸುರು ನಿಲ್ಲಲಿ, ಹೆರಿಗೆ ಸಲೀಸಾಗಲಿ ಅಂತ ಊರಿಂದ ಕಳಿಸುವ ಪೊಟ್ಟಣ ಪ್ರೀತಿಯದೇ ಇರಬಹುದು. ತೆಗೆದುಕೊಳ್ಳಿ, ನಮಸ್ಕಾರ ಮಾಡಿ, ಬಾಯಿಗೆ ಹಾಕಬೇಡಿ.

ಕೊನೆಯದು: ಹೇಳಿ

ತಪಾಸಣೆಗೆ ಹೋದಾಗ "ಬೇರೆ ಏನಾದ್ರೂ ಔಷಧಿ ತಗೋತೀರಾ" ಅಂತ ಕೇಳಿದರೆ ನಾವೆಲ್ಲ ಇಲ್ಲ ಅನ್ನುತ್ತೇವೆ, ಯಾಕೆಂದರೆ ಕಷಾಯವನ್ನು ಔಷಧಿ ಅಂತ ಲೆಕ್ಕಕ್ಕೇ ಹಿಡಿದಿರೋದಿಲ್ಲ. ದಿನಾ ಕುಡಿಯುವ, ನುಂಗುವ, ಅರೆದು ತಿನ್ನುವ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ತಾಯಿ ಕಾರ್ಡಿನೊಳಗೆ ಇಟ್ಟುಕೊಳ್ಳಿ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗಲೂ ತೋರಿಸಿ. ಬಿಪಿ, ಸಕ್ಕರೆ, ಥೈರಾಯ್ಡ್, ಫಿಟ್ಸ್ ಇರುವವರು, ಹಿಂದೆ ಬಸುರು ಇಳಿದವರು ಇದನ್ನು ತಪ್ಪಿಸಬಾರದು.

ಗೊತ್ತಿಲ್ಲದೆ ಏನನ್ನೋ ಜಾಸ್ತಿ ತಿಂದುಬಿಟ್ಟಿದ್ದರೆ ಮೊದಲು ನಿಲ್ಲಿಸಿ. ಒಂದು ಊಟದಲ್ಲಿ ಒಂದು ಹಿಡಿ ಸೊಪ್ಪು ಹೆಚ್ಚಾದರೆ ಏನೂ ಆಗೋದಿಲ್ಲ, ನೀರು ಕುಡಿದು ಮಲಗಿ. ಆದರೆ ರಕ್ತ ಕಾಣಿಸಿಕೊಂಡರೆ, ಹೊಟ್ಟೆ ಹಿಂಡಿ ಹಿಂಡಿ ನೋಯುತ್ತಿದ್ದರೆ, ಕಣ್ಣು ಹಳದಿಯಾದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಮಗುವಿನ ಅಲುಗಾಟ ಕಡಿಮೆ ಅನ್ನಿಸಿದರೆ, ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಹೋಗಿ. ತಿಂದದ್ದರ ಪೊಟ್ಟಣ, ಡಬ್ಬಿ, ಉಳಿದ ಪುಡಿ ಏನಿದ್ದರೂ ಬೈತಾರೆ ಅಂತ ಬಿಸಾಡದೆ ಜೊತೆಗೇ ತೆಗೆದುಕೊಂಡು ಹೋಗಿ.